ಮಾವನಿಗೆ ಯಾವ ಸರೋವರ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಗಂಗೊಳ್ಳಿಯಲ್ಲಿ ಬೋಟು ಇಟ್ಟುಕೊಂಡಿರುವ ನನ್ನ ಸೋದರಮಾವನಿಗೆ ವರ್ಷದಲ್ಲಿ ಪುರಸೊತ್ತು ಸಿಗುವುದು ಆ 61 ದಿನಗಳಲ್ಲೇ. ಈ ಸಲ ಮಿನೆಸೋಟಾಕ್ಕೆ ಬರುತ್ತಿದ್ದಾರೆ. ನಯಾಗರ ತೋರಿಸು, ನ್ಯೂಯಾರ್ಕ್ ತೋರಿಸು ಎನ್ನಲಿಲ್ಲ. ‘ನಿಮ್ಮಲ್ಲಿಯ ಮೀನು ಯಾವುದು ಮಾರಾಯ? ಅದನ್ನು ಹಿಡಿಯುವ’ ಎಂದರು.

ಯಾವ ಮೀನು ಎಂಬುದಕ್ಕೆ ಉತ್ತರ ತಡವಾಗಲಿಲ್ಲ. ವಾಲೈ 1965ರಿಂದ ಈ ರಾಜ್ಯದ ಅಧಿಕೃತ ಮೀನು. ಯಾವ ನೀರು ಎಂಬುದಕ್ಕೆ ಮಾತ್ರ ವಾರಗಟ್ಟಲೆ ನಕ್ಷೆ ಹರಡಿಕೊಂಡು ಕೂರಬೇಕಾಯಿತು. ಕಾರಿನ ನಂಬರ್ ಪ್ಲೇಟಿನ ಮೇಲೆಯೇ ಹತ್ತು ಸಾವಿರ ಸರೋವರ ಎಂದು ಬರೆದುಕೊಂಡಿರುವ ರಾಜ್ಯವಿದು. ನೆಂಟರು ಬಂದಾಗ ಇಲ್ಲಿಯವರು ಕೇಳುವ ಮೊದಲ ಪ್ರಶ್ನೆ, ‘ಈಗ ಮೀನು ಎಲ್ಲಿ ಕಚ್ಚುತ್ತಿದೆ?’ ಎಂಬುದು. ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಬರುವವರು ಯಾರು, ಬರುವುದು ಯಾವ ತಿಂಗಳು ಎಂಬುದನ್ನು ಮೊದಲು ಕೇಳಿಕೊಂಡರೆ ಅರ್ಧ ನಕ್ಷೆಯನ್ನು ಅಲ್ಲಿಯೇ ಮಡಚಿಡಬಹುದು.

ವಾಲೈ ಬದುಕು ನಿಂತಿರುವುದು ಅದರ ಕಣ್ಣಿನ ಮೇಲೆ. ರೆಟಿನಾದ ಹಿಂದೆ ಬೆಳಕನ್ನು ಹಿಂದಿರುಗಿಸುವ ಒಂದು ಪದರವಿದೆ. ರಾತ್ರಿ ಟಾರ್ಚ್ ಬಿಟ್ಟರೆ ಕಣ್ಣು ಬೆಳ್ಳಗೆ ಹೊಳೆಯುತ್ತದೆ. ಮಸುಕು ಬೆಳಕಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಅದರ ಆಹಾರವಾದ ಹಳದಿ ಪರ್ಚ್ ಮೀನಿಗೆ ಅಷ್ಟು ಕಾಣುವುದಿಲ್ಲ. ಬೇಟೆ ನಡೆಯುವುದು ಈ ಅಂತರದಲ್ಲಿ. ಹಾಗಾಗಿ ಬೆಳಗಿನ ಜಾವ, ಮುಸ್ಸಂಜೆ, ಮೋಡ ಕವಿದ ಹಗಲು ವಾಲೈಗೆ ಹೇಳಿ ಮಾಡಿಸಿದ್ದು. ಗಾಳಿ ಎದ್ದು ನೀರಿನ ಮೇಲ್ಮೈ ಒಡೆದರೆ ಬೆಳಕು ಆಳಕ್ಕೆ ಇಳಿಯುವುದಿಲ್ಲ, ಆಗ ನಡುಹಗಲಲ್ಲೂ ಮೀನು ಕಚ್ಚುತ್ತದೆ. ತಿಳಿನೀರಿನ ಸರೋವರದಲ್ಲಿ ಬಿಸಿಲಿನ, ಗಾಳಿಯಿಲ್ಲದ ಮಧ್ಯಾಹ್ನ ಗಾಳ ಹಾಕಿ ಕೂರುವುದು ಬರೀ ಕಾಯುವ ಕೆಲಸ. ಎಲ್ಲೋ ನಾಲ್ಕು ದಿನ ಕೈಯಲ್ಲಿರುವ ನೆಂಟರನ್ನು ಅಂಥ ನೀರಿಗೆ ಕರೆದೊಯ್ಯಬಾರದು.

ಮೊದಲು ನೆನಪಿಗೆ ಬರುವ ಹೆಸರು ಈರಿ. ಅದರ ದಂಡೆಯಲ್ಲಿರುವ ಒಹಾಯೋದ ಪೋರ್ಟ್ ಕ್ಲಿಂಟನ್ ಊರಿನವರು ಹೊಸ ವರ್ಷದ ಹಿಂದಿನ ರಾತ್ರಿ ದೊಡ್ಡದೊಂದು ವಾಲೈ ಪ್ರತಿಮೆಯನ್ನು ಮೇಲಿನಿಂದ ಇಳಿಸಿ ವರ್ಷವನ್ನು ಬರಮಾಡಿಕೊಳ್ಳುತ್ತಾರೆ. ಈರಿಯ ಪಶ್ಚಿಮ ಭಾಗದಲ್ಲಿರುವಷ್ಟು ವಾಲೈ ಇನ್ನೆಲ್ಲಿಯೂ ಇರಲಾರದು. ಆದರೆ ಅಲ್ಲಿಯ ಸೊಗಸು ಮಾರ್ಚ್ ಕೊನೆ, ಏಪ್ರಿಲ್‌ನದು. ಮೊಟ್ಟೆಯಿಡಲು ಮೀನು ಮೌಮೀ ನದಿಗೆ ಹತ್ತಿ ಬರುವಾಗ ಜನ ಸೊಂಟಮಟ್ಟ ತಣ್ಣೀರಿನಲ್ಲಿ ಸಾಲಾಗಿ ನಿಂತಿರುತ್ತಾರೆ. ಬೇಸಿಗೆಯಲ್ಲಿ ನೀರು ಕಾದಂತೆ ಬಹಳಷ್ಟು ಮೀನು ಪೂರ್ವದ ಆಳಕ್ಕೆ ಸರಿಯುತ್ತದೆ. ಆಗ ಚಾರ್ಟರ್ ದೋಣಿ ಹಿಡಿಯಬೇಕು. ಹತ್ತಾರು ಕೋಲುಗಳನ್ನು ಕಟ್ಟಿ ದೋಣಿ ಓಡಿಸುವುದು ಕ್ಯಾಪ್ಟನ್, ನೆಂಟರು ಸುತ್ತಬೇಕಾದದ್ದು ರೀಲು ಮಾತ್ರ. ವರ್ಷವಿಡೀ ಎಂಜಿನ್ನಿನ ಸದ್ದಿನಲ್ಲಿ ಟನ್‌ಗಟ್ಟಲೆ ಮೀನು ಎಳೆಯುವ ಮಾವನಿಗೆ ಅದರಲ್ಲಿ ಹೊಸದೇನೂ ಇಲ್ಲ. ಅವರಿಗೆ ಬೇಕಾದದ್ದು ಒಂದು ಕೋಲು, ಒಂದು ದಾರ, ಬೆರಳ ತುದಿಗೆ ತಾಗುವ ಒಂದು ಕಚ್ಚು.

ಮನೆಗೆ ಹತ್ತಿರದ್ದು ಮಿಲ್ ಲ್ಯಾಕ್ಸ್. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು ನೂರು ಮೈಲಿ, ವಿಸ್ತಾರ 1,32,000 ಎಕರೆಗೂ ಹೆಚ್ಚು, ಅತ್ಯಂತ ಆಳದ ಜಾಗ ನಲವತ್ತು ಅಡಿಯ ಆಸುಪಾಸು. ಅಗಲ ಹೆಚ್ಚು, ಆಳ ಕಡಿಮೆ ಇರುವ ನೀರಿನಲ್ಲಿ ಗಾಳಿ ಬಂದರೆ ಅಲೆ ಗಳಿಗೆಯಲ್ಲಿ ಏಳುತ್ತದೆ. ಕಡಲಿನವರಿಗೆ ಅದರ ಹೆದರಿಕೆಯಿಲ್ಲ, ಆದರೆ ಹದಿನಾರು ಅಡಿಯ ಬಾಡಿಗೆ ದೋಣಿಗೆ ಇದೆ. ಜೂನ್‌ನಲ್ಲಿ ಇನ್ನೊಂದು ತೊಡಕು. ಕೆಸರಿನ ತಳದಿಂದ ಮೇಫ್ಲೈ ಹುಳುಗಳು ರಾಶಿ ರಾಶಿಯಾಗಿ ಮೇಲೇಳುವ ಕಾಲವದು. ಹೊಟ್ಟೆ ತುಂಬಿದ ವಾಲೈ ಗಾಳದ ಕಡೆ ತಿರುಗಿ ನೋಡುವುದಿಲ್ಲ. 2005ರಲ್ಲಿ ಇಲ್ಲಿ ಕಂಡುಬಂದ ಜೀಬ್ರಾ ಚಿಪ್ಪುಗಳು ನೀರನ್ನು ಸೋಸಿ ಸೋಸಿ ತಿಳಿಯಾಗಿಸಿವೆ, ಹಗಲಿನ ಬೇಟೆ ಇನ್ನಷ್ಟು ಕಠಿಣವಾಗಿದೆ. ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬ ನಿಯಮವೂ ಇಲ್ಲಿ ಆಗಾಗ ಬದಲಾಗುತ್ತದೆ. ಒಂದೂ ಇಟ್ಟುಕೊಳ್ಳುವಂತಿಲ್ಲ ಎಂದಿದ್ದ ಬೇಸಿಗೆಗಳೂ ಇವೆ.

ಆದರೂ ಮಾವನನ್ನು ಮಿಲ್ ಲ್ಯಾಕ್ಸ್ ದಂಡೆಯಲ್ಲಿ ಒಂದು ಗಂಟೆ ನಿಲ್ಲಿಸಲೇಬೇಕು. ನಮಗೆ ಇಲ್ಲಿ ಬಲೆ ಹಾಕಲು ಹಕ್ಕಿಲ್ಲ, ತಲೆಗೊಂದೇ ದಾರ. ಇಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರಿಗೆ ಹಾಗಲ್ಲ. 1837ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟಾಗ ಬೇಟೆ ಮತ್ತು ಮೀನುಗಾರಿಕೆಯ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. ರಾಜ್ಯ ಅದನ್ನು ಒಪ್ಪಲಿಲ್ಲ. 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಆ ಹಕ್ಕನ್ನು ಎತ್ತಿಹಿಡಿಯಿತು. ಬಲೆಯಿಂದಲೇ ಬದುಕು ಕಟ್ಟಿಕೊಂಡವರಿಗೆ ಈ ಸಂಗತಿ ತಿಳಿದಿರಬೇಕು.

ಅದೇ ಕಾರಣಕ್ಕೆ ರೆಡ್ ಲೇಕ್ ಕತೆಯನ್ನೂ ಹೇಳಬೇಕೆಂದಿದ್ದೇನೆ. ಹಿಡಿದು ಹಿಡಿದು 1990ರ ದಶಕದಲ್ಲಿ ಅಲ್ಲಿಯ ವಾಲೈ ಸಂತತಿ ಕುಸಿದುಬಿತ್ತು. ರೆಡ್ ಲೇಕ್ ಬುಡಕಟ್ಟಿನವರು ತಮ್ಮ ವಾಣಿಜ್ಯ ಮೀನುಗಾರಿಕೆಯನ್ನು ತಾವೇ ನಿಲ್ಲಿಸಿದರು. 1999ರ ಹೊತ್ತಿಗೆ ರಾಜ್ಯದ ಪಾಲಿನ ನೀರಿನಲ್ಲೂ ವಾಲೈ ಹಿಡಿಯುವುದು ಬಂದ್ ಆಯಿತು. ಕೋಟಿಗಟ್ಟಲೆ ಮರಿ ಬಿಟ್ಟು, ಕೈಕಟ್ಟಿ ಕಾದರು. 2006ರ ಮೇನಲ್ಲಿ ಮತ್ತೆ ಗಾಳ ಬಿದ್ದಾಗ ಸರೋವರ ತುಂಬಿಕೊಂಡಿತ್ತು. ಕರಾವಳಿಯಲ್ಲಿ 61 ದಿನ ಸಾಕೇ, ಹೆಚ್ಚಾಯಿತೇ ಎಂದು ವರ್ಷವೂ ಚರ್ಚಿಸುವ ನಮ್ಮವರು ಕೇಳಲೇಬೇಕಾದ ಕತೆ ಇದು.

ಲೇಕ್ ಆಫ್ ದಿ ವುಡ್ಸ್ ಬಗ್ಗೆ ನನಗಿರುವ ಪ್ರೀತಿ ದೊಡ್ಡದು. ಬಾಡೆಟ್ ಊರಿನ ದಂಡೆಯ ವಾಲೈ ಪ್ರತಿಮೆಯೇ ನಲವತ್ತು ಅಡಿ ಉದ್ದವಿದೆ. ಬಣ್ಣಗಟ್ಟಿದ ನೀರಾದ್ದರಿಂದ ಹಗಲಿನಲ್ಲೂ ಮೀನು ಕಚ್ಚುತ್ತದೆ. ಆದರೆ ಸರೋವರದ ಬಹುಪಾಲು ಕೆನಡಾದ್ದು, ದ್ವೀಪಗಳ ಸೊಬಗೆಲ್ಲ ಗಡಿಯಾಚೆ. ಅಮೆರಿಕದ್ದೇ ಆದ ನಾರ್ತ್‌ವೆಸ್ಟ್ ಆಂಗಲ್ ಎಂಬ ತುಣುಕಿಗೆ ಕಾರಿನಲ್ಲಿ ಹೋಗಲು ಕೂಡ ಮ್ಯಾನಿಟೋಬಾ ಹಾದುಹೋಗಬೇಕು. ಭಾರತದ ಪಾಸ್‌ಪೋರ್ಟ್ ಹಿಡಿದು ಅಮೆರಿಕದ ವೀಸಾದಲ್ಲಿ ಬಂದವರಿಗೆ ಕೆನಡಾದ ವೀಸಾ ಬೇರೆಯೇ ಬೇಕು. ಅಪ್ಪ, ಅಮ್ಮ, ಮಾವ, ಭಾವ ಯಾರನ್ನೇ ಕರೆದೊಯ್ಯುವ ಕನ್ನಡಿಗರು ಇದನ್ನು ಮರೆಯಬಾರದು. ಈ ಕಡೆಯ ದಕ್ಷಿಣ ಭಾಗವೋ, ಬಟ್ಟಂಬಯಲು. ವಾಯವ್ಯದ ಗಾಳಿ ಎದ್ದ ದಿನ ದೋಣಿಗೆ ಮರೆಯಿಲ್ಲ.

ಎಲ್ಲವನ್ನೂ ತೂಗಿ ನಾನು ಬೆರಳಿಟ್ಟಿರುವುದು ಕ್ಯಾಬೆಟೊಗಾಮಾದ ಮೇಲೆ. 1975ರಲ್ಲಿ ಸ್ಥಾಪನೆಯಾದ ವಾಯಜರ್ಸ್ ರಾಷ್ಟ್ರೀಯ ಉದ್ಯಾನದ ಸರೋವರವದು. ಗಡಿಗೆ ಹತ್ತಿರವಿದ್ದರೂ ಇಡೀ ಸರೋವರ ಅಮೆರಿಕದೊಳಗೇ ಇದೆ, ವೀಸಾದ ತಕರಾರಿಲ್ಲ. ದ್ವೀಪಗಳು ಒತ್ತೊತ್ತಾಗಿರುವುದರಿಂದ ಗಾಳಿ ಯಾವ ದಿಕ್ಕಿನಿಂದ ಬಂದರೂ ಒಂದು ಮರೆ ಸಿಗುತ್ತದೆ, ಗಾಳಿ ಬಡಿಯುವ ಬಂಡೆಯೂ ಪಕ್ಕದಲ್ಲೇ ಸಿಗುತ್ತದೆ. ವಾಲೈ ಇರುವುದು ಆ ಬಂಡೆಯ ಬದಿಯಲ್ಲಿ, ದೋಣಿ ನಿಲ್ಲಿಸಬೇಕಾದದ್ದು ಮರೆಯಲ್ಲಿ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಊಟ ಮುಗಿಸಿ ದೋಣಿ ಹತ್ತಿದರೂ ಒಳ್ಳೆಯ ಗಳಿಗೆ ಇನ್ನೂ ಮುಂದಿರುತ್ತದೆ. ಆಗಸ್ಟ್‌ಗೆ ತಳ್ಳಬಾರದು. ಬೇಸಿಗೆ ಬಲಿತಂತೆ ಈ ನೀರಿನಲ್ಲಿ ಹಸಿರು ಪಾಚಿ ಹಬ್ಬುತ್ತದೆ.

ಎರೆಗೆ ಜಿಗಣೆ. ಮಲೆನಾಡಿನ ಇಂಬಳ ಕಂಡವರು ಬೆಚ್ಚುತ್ತಾರೆ, ಆದರೆ ಇಲ್ಲಿ ಅಂಗಡಿಯಲ್ಲಿ ಮಾರುವ ಜಾತಿ ರಕ್ತ ಹೀರುವಂಥದ್ದಲ್ಲ. ಅಗಲವಾದ ತುದಿಯಲ್ಲಿ ಗಾಳ ಚುಚ್ಚಿದರೆ ನೀರಿನಲ್ಲಿ ರಿಬ್ಬನ್ನಿನಂತೆ ತೇಲಾಡುತ್ತದೆ. ಸೀಸದ ತಲೆಯ ಸಣ್ಣ ಜಿಗ್ ಕಟ್ಟಿ ತಳ ಮುಟ್ಟಿಸಿ, ಒಂದು ಗೇಣು ಎತ್ತಿ ಇಳಿಸುತ್ತಿರಬೇಕು. ವಾಲೈ ಎಳೆದು ಓಡುವುದಿಲ್ಲ. ದಾರ ಸ್ವಲ್ಪ ಭಾರವಾಯಿತು ಎನ್ನಿಸುತ್ತದೆ, ಅಷ್ಟೇ. ಪಂಚಗಂಗಾವಳಿಯ ಅಳಿವೆಯಲ್ಲಿ ಹುಡುಗರಾಗಿದ್ದಾಗಲೇ ಗಾಳ ಹಾಕಿ ಪಳಗಿದ ಮಾವನ ಬೆರಳಿಗೆ ಆ ಭಾರ ನನಗಿಂತ ಮೊದಲೇ ತಿಳಿಯುತ್ತದೆ ಎಂಬ ನಂಬಿಕೆ ನನಗಿದೆ.

ಅಡುಗೆಯ ವಿಷಯದಲ್ಲಿ ಅವರನ್ನು ಒಪ್ಪಿಸುವುದು ಕಷ್ಟವಿಲ್ಲ. ವಾಲೈ ಮಾಂಸ ಬೆಳ್ಳಗೆ, ಬಿಗಿಯಾಗಿ, ವಾಸನೆಯಿಲ್ಲದೆ ಕಾಣೆ ಮೀನಿನ ಹಾಗಿರುತ್ತದೆ. ಇಲ್ಲಿಯವರು ಬಿಸ್ಕತ್ತಿನ ಪುಡಿಯಲ್ಲಿ ಹೊರಳಿಸಿ, ಆಲೂಗಡ್ಡೆಯೊಂದಿಗೆ ದಂಡೆಯಲ್ಲೇ ಕರಿಯುತ್ತಾರೆ. ಚೆನ್ನಾಗಿರುತ್ತದೆ. ಬ್ಯಾಡಗಿ ಮೆಣಸು, ಹುಣಸೆ ಹುಳಿ ಅರೆದು ಹಚ್ಚಿ, ರವೆಯಲ್ಲಿ ಹೊರಳಿಸಿ ತೆಂಗಿನೆಣ್ಣೆಯಲ್ಲಿ ಹುರಿದರೆ ಅದಕ್ಕಿಂತ ಚೆನ್ನಾಗಿರುತ್ತದೆ. ಕೆನ್ನೆಯ ತುಣುಕನ್ನು ಬಿಡಬೇಡಿ, ಮೀನಿನಲ್ಲೇ ಅತಿ ಮೆದುವಾದ ಭಾಗ ಅದು.

ನೆಂಟರನ್ನು ಕರೆದೊಯ್ಯುವವರಿಗೆ ಇಷ್ಟು ಹೇಳಬೇಕು. ಹೊರಗಿನಿಂದ ಬಂದವರಿಗೆ ಒಂದು ದಿನದ್ದು, ಮೂರು ದಿನದ್ದು, ವಾರದ್ದು ಹೀಗೆ ಲೈಸೆನ್ಸು ಸಿಗುತ್ತದೆ, ನೀರಿಗಿಳಿಯುವ ಮೊದಲೇ ಕೊಂಡುಕೊಳ್ಳಿ. ದೋಣಿಯಲ್ಲಿ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಲಿ. ಯಾವ ಅಳತೆಯ ಮೀನನ್ನು ವಾಪಸು ಬಿಡಬೇಕು ಎಂಬುದು ಒಂದೊಂದು ಸರೋವರಕ್ಕೂ ಒಂದೊಂದು ರೀತಿ, ಆ ವರ್ಷದ ನಿಯಮಪುಸ್ತಕ ಓದದೆ ಹೊರಡಬೇಡಿ. ಊರಿಗೆ ಒಯ್ಯುವ ತುಂಡುಗಳ ಮೇಲೆ ಒಂದಂಗುಲ ಚದರ ಚರ್ಮವನ್ನು ಪೊರೆ ಸಮೇತ ಉಳಿಸಿ, ಯಾವ ಜಾತಿಯ ಮೀನೆಂದು ಗುರುತಿಸಲು ಕಾನೂನು ಅದನ್ನು ಕೇಳುತ್ತದೆ. ನಿಮ್ಮವರು ಜೂನ್, ಜುಲೈನಲ್ಲಿ ಬರುವುದಾದರೆ ಕ್ಯಾಬೆಟೊಗಾಮಾ. ಏಪ್ರಿಲ್‌ನಲ್ಲಿ ಬಂದರೆ ಇಲ್ಲಿಯ ಒಳನಾಡಿನ ಸರೋವರಗಳಲ್ಲಿ ವಾಲೈ ಋತು ತೆರೆದಿರುವುದಿಲ್ಲ. ಆಗ ಮಿಸಿಸಿಪ್ಪಿಯ ರೆಡ್ ವಿಂಗ್‌ಗೆ ಕರೆದೊಯ್ಯಿರಿ, ವಿಸ್ಕಾನ್ಸಿನ್ ಜೊತೆಗಿನ ಆ ಗಡಿನೀರಿನಲ್ಲಿ ವರ್ಷವಿಡೀ ಹಿಡಿಯಬಹುದು.