ಬಿಸಿಗೆ ದಾರಿ ಹಾಕುವ ವಿದ್ಯೆ

ಹುಣಸೂರು, ಪಿರಿಯಾಪಟ್ಟಣ ಸೀಮೆಗೆ ಕೊಳವೆಯಲ್ಲಿ ಬಿಸಿ ಸಾಗಿಸುವುದು ಹೊಸದಲ್ಲ. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಒಲೆಯ ಶಾಖ ತಗಡಿನ ಕೊಳವೆಯೊಳಗೇ ಸುತ್ತಿ ಎಲೆಯನ್ನು ಹದ ಮಾಡುತ್ತದೆ. ಹೊಗೆ ಎಲೆಗೆ ಸೋಕದೆ ಹೊರಬೀಳುತ್ತದೆ. ಮನೆಯಲ್ಲೇ ಜೋಡಿಸಿದ ಕಂಪ್ಯೂಟರನ್ನು ನೀರು ಹರಿಸಿ ತಣಿಸುವುದು ಇದರ ತಿರುವುಮುರುವು: ಇಲ್ಲಿ ಒಳಗಿನ ಬಿಸಿ ಹೊರಗೆ ಹೋಗಬೇಕು. ಇದರ ಚೆಲುವು ಬಣ್ಣದ ದೀಪಗಳಲ್ಲಿಲ್ಲ, ಕೊಳವೆ ಕತ್ತರಿಸುವ ಮುಂಚಿನ ಲೆಕ್ಕದಲ್ಲಿದೆ. ಪಂಪು ಒಣಗದಂತೆ ನೀರಿನ ತೊಟ್ಟಿ ಅದಕ್ಕಿಂತ ಮೇಲಿರಬೇಕು, ಖಾಲಿ ಮಾಡುವ ನಲ್ಲಿ ತೀರಾ ತಗ್ಗಿನಲ್ಲಿ. ತಾಮ್ರದ ಜೊತೆ ಅಲ್ಯೂಮಿನಿಯಂ ಸೇರಿದರೆ ಲೋಹ ಸವೆಯತೊಡಗುತ್ತದೆ. ಪ್ರೊಸೆಸರ್ ಮೊದಲೋ ಗ್ರಾಫಿಕ್ಸ್ ಕಾರ್ಡ್ ಮೊದಲೋ ಎಂಬ ಜಗಳ ಮಾತ್ರ ದಂಡ; ನೀರು ಬಿಡದೆ ಸುತ್ತುವುದರಿಂದ ವ್ಯತ್ಯಾಸ ಕೆಲವೇ ಡಿಗ್ರಿ. ಫ್ಯಾನು ಸಾಲದೇ ಎನ್ನುವವರಿದ್ದಾರೆ. ಸಾಧಾರಣ ಯಂತ್ರಕ್ಕೆ ಸಾಕು, ಒಪ್ಪೋಣ. ಆದರೆ ಒಂದು ಡಿಗ್ರಿ ಏರುವಷ್ಟರಲ್ಲಿ ನೀರು ತನ್ನ ತೂಕದ ಗಾಳಿಗಿಂತ ಸುಮಾರು 4 ಪಟ್ಟು ಶಾಖ ಹೊರುತ್ತದೆ. ಮೊದಲ ಸಲ ನೀರು ತುಂಬುವಾಗ ಪಂಪಿಗಷ್ಟೇ ಕರೆಂಟು ಕೊಟ್ಟು, ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಹಾಸಿ ನೋಡಿ.