ಬೀಗದೊಳಗಿನ ಚೇತರಿಕೆ

ರೋಗ ಗುಣವಾಗುವುದು ಬೇರೆ, ಮನುಷ್ಯನು ಚೇತರಿಸಿಕೊಳ್ಳುವುದು ಬೇರೆ ಎಂಬ ವಿವೇಕವು ನಮ್ಮ ಆಡುಮಾತಿನಲ್ಲಿ ಮೊದಲಿನಿಂದಲೂ ಇದೆ. ಮನೋವೈದ್ಯಶಾಸ್ತ್ರವು ಅದನ್ನು ತತ್ತ್ವವಾಗಿ ಅಂಗೀಕರಿಸಿದುದಾದರೋ ತೀರ ಈಚೆಗೆ. ವ್ಯಾಧಿಯ ಲಕ್ಷಣಗಳು ಪೂರ್ತಿ ಅಡಗದಿದ್ದಾಗಲೂ ಆಶೆಯುಳ್ಳ, ಅರ್ಥವುಳ್ಳ ಬಾಳು ಸಾಧ್ಯವೆಂದು ಅಮೆರಿಕದ ವಿಲಿಯಂ ಆಂಥೊನಿಯು 1993ರಲ್ಲಿ ನಿರೂಪಿಸಿದನು. ಈ ತತ್ತ್ವವನ್ನು ಇಂಗ್ಲೆಂಡಿನವರು, ಅಪರಾಧವೆಸಗಿದ ಮನೋರೋಗಿಗಳನ್ನಿರಿಸುವ ಭದ್ರ ಆಸ್ಪತ್ರೆಗಳ ಒಳಕ್ಕೂ ಒಯ್ದಿದ್ದಾರೆ. ಬೀಗದ ಕೈ ಮತ್ತೊಬ್ಬನ ಸೊಂಟದಲ್ಲಿರುವಾಗ ಚೇತರಿಕೆಯೆಂಬ ಮಾತಿಗೆ ಏನರ್ಥವೆಂಬುದೇ ನನ್ನ ಜಿಜ್ಞಾಸೆ.

ಬರ್ಕ್‌ಶೈರ್ ಪ್ರಾಂತದ ಬ್ರಾಡ್‌ಮೂರ್ ಎಂಬ ಅಂಥದೊಂದು ಆಸ್ಪತ್ರೆಯು 1863ರಲ್ಲಿ ತೆರೆಯಿತು. ಒಂಬತ್ತು ವರ್ಷಗಳ ತರುವಾಯ ಅಲ್ಲಿಗೆ ಬಂದವನು ವಿಲಿಯಂ ಮೈನರ್. ಅಮೆರಿಕದ ಸೇನೆಯಲ್ಲಿ ಶಸ್ತ್ರವೈದ್ಯನಾಗಿದ್ದವನು, ರಾತ್ರಿ ಯಾರೋ ಕೋಣೆಗೆ ನುಗ್ಗುವರೆಂಬ ಭ್ರಾಂತಿಯಿಂದ ಲಂಡನ್ನಿನ ಬೀದಿಯಲ್ಲಿ ಜಾರ್ಜ್ ಮೆರೆಟ್ ಎಂಬ ನಿರಪರಾಧಿ ಕೂಲಿಕಾರನನ್ನು ಗುಂಡಿಟ್ಟು ಕೊಂದವನು. ಅಧಿಕಾರಿಗಳು ಅವನಿಗೆ ಎರಡು ಕೋಣೆಗಳನ್ನೂ ಗ್ರಂಥಗಳನ್ನೂ ಅನುಮತಿಸಿದರು. ಪುರಾತನ ಗ್ರಂಥಗಳನ್ನೋದುತ್ತ, ಶಬ್ದವನ್ನೂ ಪುಟವನ್ನೂ ಗುರುತಿಟ್ಟುಕೊಳ್ಳುತ್ತ, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್‍ರೆಗೆ ಯಾವ ಪದಕ್ಕೆ ಯಾವಾಗ ಪ್ರಯೋಗ ಬೇಕೋ ಆಗ ಅದನ್ನು ಬರೆದು ಕಳುಹಿಸುತ್ತ ಆತನು ವರ್ಷಗಳನ್ನೇ ಕಳೆದನು. ಹತನ ವಿಧವೆಯಾದ ಎಲೈಜಾಳಿಗೆ ಹಣ ಕಳುಹಿಸಿದನು. ಆಕೆಯೋ, ಆಶ್ಚರ್ಯವೆಂಬಂತೆ, ಅವನನ್ನು ನೋಡಲು ಬಂದಳು, ಬರುವಾಗ ಪುಸ್ತಕಗಳನ್ನೂ ತಂದಳು. ತಾನು ಕೊಂದವನ ಹೆಂಡತಿಯೆದುರು ಕುಳಿತುಕೊಳ್ಳುವುದಕ್ಕಿಂತ ಕಠಿನವಾದ ಚಿಕಿತ್ಸೆ ಯಾವುದಿದ್ದೀತು?

ಇಂದಿನ ಸಿದ್ಧಾಂತಿಗಳು ಹೇಳುವ ಆಶೆ, ಸಂಬಂಧ, ಅಸ್ಮಿತೆ, ಕರ್ತೃತ್ವ ಎಲ್ಲವೂ ಇಲ್ಲಿ ಹೆಸರಿಲ್ಲದೆ ಇದ್ದುವು. ಆದರೆ ಹಳೆಯ ಕಾಲವನ್ನು ಹೊಗಳಹೊರಟವನು ಇನ್ನೊಂದನ್ನೂ ನೋಡಬೇಕು. ಮೈನರನು ಪಿಂಚಣಿಯುಳ್ಳ ವಿದ್ಯಾವಂತ. ಅಕ್ಷರವರಿಯದ ಬಡ ರೋಗಿಗೆ ಆ ಸೌಭಾಗ್ಯವಿರಲಿಲ್ಲ. ಅಲ್ಲದೆ ಮೈನರನ ಸವಲತ್ತು ಮೇಲಧಿಕಾರಿಯ ಔದಾರ್ಯವನ್ನೇ ನೆಚ್ಚಿಕೊಂಡಿತ್ತು. ಕಟ್ಟುನಿಟ್ಟಿನ ಅಧಿಕಾರಿ ಬಂದಮೇಲೆ ಅದೂ ಹೋಯಿತು. ಚೇತರಿಕೆಯನ್ನು ಕೃಪೆಯಾಗಿಸದೆ ಪದ್ಧತಿಯಾಗಿಸಲು ಹೊರಟ ಈಗಿನವರ ಪ್ರಯತ್ನವನ್ನು ಆದುದರಿಂದಲೇ ನಾನು ಗೌರವಿಸುತ್ತೇನೆ. ರೋಗದಿಂದಷ್ಟೇ ಅಲ್ಲ, ಎಸಗಿದ ಕೃತ್ಯದಿಂದಲೂ ಮನುಷ್ಯನು ಚೇತರಿಸಿಕೊಳ್ಳಬೇಕಾಗಿದೆಯೆಂದು ಅವರು ಒಪ್ಪಿರುವುದು ದೊಡ್ಡ ಮಾತು.

ದೋಷವಿರುವುದು ಬೇರೆಡೆ. ಚಿಕಿತ್ಸೆಯ ಯೋಜನಾಪತ್ರದಲ್ಲಿ ರೋಗಿಯ ಅಭಿಲಾಷೆಗಳನ್ನು ಬರೆಸಿಕೊಂಡು ಕೆಳಗೆ ರುಜು ಹಾಕಿಸುವುದು ಸುಲಭ. ಆದರೆ ಇಂಗ್ಲೆಂಡಿನ 1983ರ ಮಾನಸಿಕ ಆರೋಗ್ಯ ಕಾಯಿದೆಯಂತೆ ನಿರ್ಬಂಧಿತನಾದವನು ಆಸ್ಪತ್ರೆಯ ಆವರಣ ದಾಟಿ ಒಂದು ಗಂಟೆ ತಿರುಗಾಡಿ ಬರಬೇಕಾದರೂ ನ್ಯಾಯಮಂತ್ರಿಯ ಸಮ್ಮತಿ ಬೇಕು. ಲೋಕದ ಸುರಕ್ಷತೆಗಾಗಿ ಅದು ಅವಶ್ಯಕವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಅದನ್ನು ಬಾಯಿಬಿಟ್ಟು ಹೇಳಬೇಕು, ಸ್ವನಿರ್ಣಯವೆಂಬ ಸವಿನುಡಿಯಿಂದ ಬೀಗವನ್ನು ಮುಚ್ಚಿಡಬಾರದು. ಬಂಧನದೊಳಗೆ ನಿಜವಾಗಿ ಕೊಡಬಹುದಾದದ್ದು, ಹೊರಗಿನವರಿಗೂ ಬೇಕಾದ ಒಂದು ಕೆಲಸ. ಅದು ಯಾವ ಪತ್ರದಲ್ಲಿಯೂ ತುಂಬಿಸಲು ಬರುವಂಥದಲ್ಲ.

ಮೈನರನ ಭ್ರಾಂತಿ ಕಡೆಯವರೆಗೂ ಬಿಡಲಿಲ್ಲ. 1910ರಲ್ಲಿ ಗೃಹಮಂತ್ರಿ ವಿನ್‌ಸ್ಟನ್ ಚರ್ಚಿಲ್ಲನ ಅಪ್ಪಣೆಯಂತೆ ಅವನನ್ನು ಸ್ವದೇಶಕ್ಕೆ ಕಳುಹಿಸಿದರು; ಅಲ್ಲಿಯೂ ಅವನನ್ನು ಇರಿಸಿದುದು ಮಾನಸಿಕ ಆಸ್ಪತ್ರೆಯಲ್ಲಿಯೇ.