ನೀರಿಳಿದರೆ ರೀವ, ನೀರೇರಿದರೆ ಬೆಳ್ಳಕ್ಕಿ

ಹಕ್ಕಿ ನೋಡುವವರಿಗೆ ಶಿವಮೊಗ್ಗ ಸೀಮೆಯಲ್ಲಿ ವರ್ಷಕ್ಕೆ ಎರಡು ಸುಗ್ಗಿ. ಒಂದು ತುಂಗೆಯದು, ಇನ್ನೊಂದು ಭದ್ರೆಯದು. ಮುಂಗಾರು ಹಿಡಿದು ತುಂಗೆ ಕೆಂಪಾಗಿ ಹರಿಯುವ ಹೊತ್ತಿಗೆ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ, ಹೊಳೆ ನಡುವಿನ ಆ ಪುಟ್ಟ ಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಗಡ್ಡೆಯ ನೆಲ ಮುಳುಗಿದರೂ ರೆಂಬೆಯ ಮೇಲಿನ ಸಂಸಾರ ನಡೆದೇ ಇರುತ್ತದೆ. ಸುತ್ತ ನೀರಿದ್ದಷ್ಟೂ ಅದಕ್ಕೆ ಕಾವಲು ಹೆಚ್ಚು.

ಭದ್ರೆಯ ಲೆಕ್ಕ ಇದಕ್ಕೆ ಪೂರಾ ತಿರುಗುಮುರುಗು. ಅಲ್ಲಿ ನೀರು ಇಳಿಯಬೇಕು. ಬೇಸಿಗೆ ಬೆಳೆಗೆಂದು ಭದ್ರಾ ನಾಲೆಗಳಿಗೆ ನೀರು ಬಿಟ್ಟ ಮೇಲೆ ಬಿ.ಆರ್.ಪಿ. ಡ್ಯಾಮಿನ ಮಟ್ಟ ದಿನದಿಂದ ದಿನಕ್ಕೆ ತಗ್ಗುತ್ತದೆ. ತುಂಬಿದಾಗ 186 ಅಡಿ. ಪತ್ರಿಕೆಯಲ್ಲಿ ದಿನವೂ ಬರುವ ಆ ಅಂಕಿಯನ್ನು ಭದ್ರಾವತಿ, ದಾವಣಗೆರೆ ಕಡೆಯ ಗದ್ದೆಯವರು ಎಷ್ಟು ಕಾತರದಿಂದ ನೋಡುತ್ತಾರೋ ನಾನೂ ಅಷ್ಟೇ ಕಾತರದಿಂದ ನೋಡುತ್ತೇನೆ. ಮಟ್ಟ ಇಳಿದಂತೆ, ಅಣೆಕಟ್ಟು ಕಟ್ಟಿದಾಗ ಮುಳುಗಿದ್ದ ಗುಡ್ಡಗಳ ನೆತ್ತಿಗಳು ಒಂದೊಂದಾಗಿ ಮೇಲೇಳುತ್ತವೆ. ಹುಲ್ಲುಗರಿಕೆಯೂ ಸರಿಯಾಗಿಲ್ಲದ, ಬರೀ ಕಲ್ಲುಮಣ್ಣಿನ ಆ ನಡುಗಡ್ಡೆಗಳಿಗೆ ಫೆಬ್ರವರಿಯ ಸುಮಾರಿಗೆ ಹೊಳೆ ರೀವಗಳು ಬಂದಿಳಿಯುತ್ತವೆ. ಇಂಗ್ಲಿಷಿನವರು ರಿವರ್ ಟರ್ನ್ ಎನ್ನುವ ಹಕ್ಕಿ. ಲಕ್ಕವಳ್ಳಿಯಲ್ಲಿರುವ ಜಂಗಲ್ ಲಾಡ್ಜಸ್‌ನ ಬಿಡಾರಕ್ಕೆ ಇದೇ ಹಕ್ಕಿಯ ಹೆಸರಿಟ್ಟಿದ್ದಾರೆ.

ಕಾಗೆಗಿಂತ ಹೆಚ್ಚು ತೂಗದ ಮೈ, ಆದರೆ ರೆಕ್ಕೆ ಬಿಚ್ಚಿದಾಗ ಬೇರೆಯದೇ ಅಳತೆ. ಬೆನ್ನು ತಿಳಿ ಬೂದು, ಹೊಟ್ಟೆ ಬಿಳಿ, ನೆತ್ತಿಯಿಂದ ಕತ್ತಿನ ಹಿಂಭಾಗದವರೆಗೆ ಕಪ್ಪು ಟೊಪ್ಪಿ, ಕೆಂಪು ಕಾಲು, ಆಳವಾಗಿ ಸೀಳಿದ ಬಾಲ. ಇಷ್ಟೆಲ್ಲ ಇದ್ದರೂ ಕಣ್ಣು ಮೊದಲು ನಿಲ್ಲುವುದು ಕೊಕ್ಕಿನ ಮೇಲೆ. ಗಟ್ಟಿ ಹಳದಿ, ಬೆಳಗಿನ ಬಿಸಿಲಿನಲ್ಲಿ ಕಿತ್ತಳೆಗೆ ತಿರುಗುವ ಹಳದಿ. ಗೂಡಿನ ಕಾಲ ಮುಗಿದ ಮೇಲೆ ಟೊಪ್ಪಿ ಮಾಸಿ ಕೊಕ್ಕಿನ ತುದಿಯೂ ಮಂಕಾಗುತ್ತದೆ. ಹಾಗಾಗಿ ರೀವವನ್ನು ಅದರ ಪೂರ್ತಿ ಠೀವಿಯಲ್ಲಿ ನೋಡಬೇಕೆನ್ನುವವರು ಬೇಸಿಗೆಯಲ್ಲೇ ಹೋಗಬೇಕು. ಆಗ ಗಂಡು ಮೀನು ಕಚ್ಚಿಕೊಂಡು ಬಂದು ಹೆಣ್ಣಿನ ಮುಂದೆ ನಿಲ್ಲುತ್ತದೆ. ಹೆಣ್ಣು ಮೀನನ್ನು ಒಪ್ಪಿಕೊಂಡರೆ ಗಂಡನ್ನೂ ಒಪ್ಪಿದ ಹಾಗೆ. ಗೂಡೆಂದರೆ ನೆಲ ಕೆರೆದು ಮಾಡಿದ ತಗ್ಗು, ಅಷ್ಟೆ. ಕಡ್ಡಿಯಿಲ್ಲ, ನಾರಿಲ್ಲ. ಕಂದು ಮಚ್ಚೆಯ ಎರಡು ಮೂರು ಮೊಟ್ಟೆಗಳು ಸುತ್ತಲ ಕಲ್ಲುಗಳ ನಡುವೆ ಕಲ್ಲುಗಳೇ ಆಗಿಬಿಡುತ್ತವೆ. ಇಲ್ಲಿ ತಾಯ್ತಂದೆಯರ ಕೆಲಸ ಮೊಟ್ಟೆಗೆ ಬಿಸಿ ಕೊಡುವುದಕ್ಕಿಂತ ಬಿಸಿಲು ತಪ್ಪಿಸುವುದು. ಏಪ್ರಿಲ್ ಮಧ್ಯಾಹ್ನ ರೀವಗಳು ಕುಳಿತು ಕಾವು ಕೊಡುವುದಿಲ್ಲ. ಎದ್ದು ನಿಂತು ನೆರಳು ಕೊಡುತ್ತವೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮತ್ತೆ ನಿಲ್ಲುತ್ತವೆ.

ಇದೇ ವಂಶದ ಬೇರೊಂದು ಹಕ್ಕಿಯನ್ನು ನಾನು ನೋಡಿದ್ದು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಫಾರ್ನ್ ದ್ವೀಪಗಳಲ್ಲಿ. ಸೀಹೌಸಸ್ ಎಂಬ ಸಣ್ಣ ಬಂದರಿನಿಂದ ದೋಣಿ. ಜೂನ್ ತಿಂಗಳು, ಆದರೂ ಮೈ ನಡುಗಿಸುವ ಗಾಳಿ. ಜೊತೆಗಿದ್ದವರೆಲ್ಲ ಬಣ್ಣದ ಕೊಕ್ಕಿನ ಪಫಿನ್‌ಗಳಿಗಾಗಿ ಬಂದವರು. ನನಗೆ ಬೇಕಾಗಿದ್ದುದು ಆರ್ಕ್‌ಟಿಕ್ ಟರ್ನ್. ಹುಡುಕುವ ಶ್ರಮವೇ ಇರಲಿಲ್ಲ. ಕಾಲುದಾರಿಯ ಅಂಚಿನಲ್ಲೇ ಮೊಟ್ಟೆಯಿಟ್ಟುಕೊಂಡಿದ್ದ ಅವು ಕಿರುಚುತ್ತ ಎರಗಿ ತಲೆಗೇ ಕುಕ್ಕುತ್ತಿದ್ದವು. ಅಲ್ಲಿಗೆ ಹೋಗುವವರು ಟೋಪಿ ಹಾಕಿಕೊಂಡೇ ಹೋಗಬೇಕೆಂಬುದು ಎಲ್ಲರೂ ಹೇಳುವ ಮಾತು. ರಕ್ತದ ಬಣ್ಣದ ಕೊಕ್ಕು, ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ ಕಾಲು, ಸುಮಾರು ನೂರು ಗ್ರಾಂ ತೂಕ. ನಮ್ಮ ಹೊಳೆ ರೀವ ಹಾರುವಾಗ ಪ್ರತಿ ಬಡಿತದಲ್ಲೂ ಎದೆಯ ಬಲ ಕಾಣುತ್ತದೆ. ಇದಕ್ಕೆ ಬಲವೇ ಬೇಡವೇನೋ ಅನ್ನಿಸುತ್ತದೆ, ಗಾಳಿಯೇ ಎತ್ತಿ ಇಳಿಸುತ್ತದೆ.

ಅದರ ಪಯಣದ ಕಥೆ ಲೋಕಪ್ರಸಿದ್ಧ. ಫಾರ್ನ್‌ನಲ್ಲಿ ಗೂಡು ಮಾಡಿದ ಹಕ್ಕಿಗಳ ಕಾಲಿಗೆ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಪುಟ್ಟ ಯಂತ್ರ ಕಟ್ಟಿದ್ದರು. 2015ರ ಜುಲೈನಲ್ಲಿ ಹೊರಟ ಒಂದು ಹಕ್ಕಿ ಅಂಟಾರ್ಕ್‌ಟಿಕಾ ಮುಟ್ಟಿ 2016ರ ಮೇ ತಿಂಗಳಿಗೆ ಅದೇ ದ್ವೀಪಕ್ಕೆ ಮರಳಿತು. ಹಾರಿದ ದೂರ ಸುಮಾರು 96,000 ಕಿ.ಮೀ. ವರ್ಷಕ್ಕೆ ಎರಡು ಬೇಸಿಗೆ ಕಾಣುವ ಜೀವ ಅದು. ಅಂಥ ಹಕ್ಕಿ ತಲೆಯ ಮೇಲೆ ಬಂದು ನಿಂತಾಗ ಮೈ ಜುಮ್ಮೆನ್ನದೆ ಇರುವುದಿಲ್ಲ.

ಆದರೆ ಊರಿಗೆ ಬಂದ ಮೇಲೆ ಭದ್ರೆಯ ರೀವದ ಬಗ್ಗೆ ನನ್ನ ಗೌರವ ಹೆಚ್ಚಿತು. ದೂರ ಹಾರುವ ಹಕ್ಕಿಗೆ ಸಿಗುವ ಮನ್ನಣೆ ಇದ್ದಲ್ಲೇ ಬಾಳುವ ಹಕ್ಕಿಗೆ ಸಿಗುವುದಿಲ್ಲ. ಹೊಳೆ ರೀವಕ್ಕೆ ಹೊಳೆಯೇ ಲೋಕ. ಇರಾನಿನ ಪೂರ್ವದಿಂದ ಭಾರತದುದ್ದಕ್ಕೂ ಆಗ್ನೇಯ ಏಷ್ಯಾದವರೆಗೆ ಹರಡಿದ್ದ ಈ ಹಕ್ಕಿ ಇಂದು ಅಪಾಯಕ್ಕೆ ಸಿಲುಕಿದ ಪ್ರಭೇದಗಳ ಪಟ್ಟಿಯಲ್ಲಿದೆ. ಮೆಕಾಂಗ್ ನದಿಯಲ್ಲಿ ಉಳಿದಿರುವುದು ತೀರಾ ಕಡಿಮೆ. ಕಾರಣ ಗುಟ್ಟೇನಲ್ಲ. ಅದು ಗೂಡು ಮಾಡುವ ಮರಳದಿಣ್ಣೆಗಳನ್ನು ಅಣೆಕಟ್ಟುಗಳು ಮುಳುಗಿಸಿದವು, ಉಳಿದವನ್ನು ಮರಳು ಗಣಿಗಾರಿಕೆ ಅಗೆದು ಒಯ್ದಿತು. ಹಲವೆಡೆ ರೀವದ ನೆಲ ಕಿತ್ತುಕೊಂಡ ಅಣೆಕಟ್ಟು ಭದ್ರೆಯಲ್ಲಿ ಅದಕ್ಕೆ ನೆಲ ಕೊಟ್ಟಿತು. ಯಾರೂ ಯೋಜಿಸಿದ್ದಲ್ಲ ಅದು. ಗದ್ದೆಗೆ ನೀರು ಬೇಕಾದ ತಿಂಗಳು, ಹಕ್ಕಿಗೆ ಒಣನೆಲ ಬೇಕಾದ ತಿಂಗಳು ಹೊಂದಿಕೊಂಡವು, ಅಷ್ಟೆ.

ಆ ಹೊಂದಾಣಿಕೆ ಎಷ್ಟು ನಾಜೂಕು ನೋಡಿ. ನೀರು ತಡವಾಗಿ ಇಳಿದರೆ ಗೂಡು ತಡವಾಗುತ್ತದೆ. ಕಾವಿಗೆ ಸುಮಾರು ಮೂರು ವಾರ, ಮರಿಯ ರೆಕ್ಕೆ ಬಲಿಯಲು ಮತ್ತೊಂದು ತಿಂಗಳು ಬೇಕು. ಅಷ್ಟರೊಳಗೆ ಮಲೆನಾಡಿನ ಮಳೆ ಬಂದು ಹಿನ್ನೀರು ಏರಿದರೆ ನಡುಗಡ್ಡೆಯ ಜೊತೆ ಮರಿಯೂ ಹೋಯಿತು. ತೀರಾ ಇಳಿದರೂ ಕಷ್ಟವೇ. ಗಡ್ಡೆ ದಡಕ್ಕೆ ಅಂಟಿಕೊಂಡರೆ ನಾಯಿ ನರಿಗಳು ನಡೆದೇ ಬರುತ್ತವೆ. ಇದರ ಮೇಲೆ ಫೋಟೊದ ಹುಚ್ಚು. ‘ಇನ್ನೂ ಸ್ವಲ್ಪ ಹತ್ತಿರ ತಗೊಳ್ರೀ’ ಎಂದು ದೋಣಿಯವರನ್ನು ಒತ್ತಾಯಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹಕ್ಕಿ ಎದ್ದು ಹೋದರೆ ಏಪ್ರಿಲ್ ಬಿಸಿಲಿಗೆ ತೆರೆದುಕೊಂಡ ಮೊಟ್ಟೆ ಬೇಯಲು ಹೆಚ್ಚು ಹೊತ್ತು ಬೇಕಿಲ್ಲ. ಕಾಗೆ ಹದ್ದುಗಳೂ ಇಂಥ ಗಳಿಗೆಗೇ ಕಾದಿರುತ್ತವೆ. ಫಾರ್ನ್‌ನಲ್ಲಿ ಹಕ್ಕಿಜ್ವರ ಬಂದಾಗ 2022ರಲ್ಲಿ ಜನರು ದ್ವೀಪಕ್ಕೆ ಇಳಿಯುವುದನ್ನೇ ನಿಲ್ಲಿಸಿದರು. ಮತ್ತೆ ಬಿಟ್ಟದ್ದು 2024ರಲ್ಲಿ. ಅಷ್ಟು ಜನ ಬರುವ ಜಾಗದಲ್ಲಿ ಅದು ಸಾಧ್ಯವಾದರೆ, ಗೂಡಿನ ಮೂರು ತಿಂಗಳು ಗಡ್ಡೆಗಳಿಂದ ದೋಣಿ ದೂರ ನಿಲ್ಲಿಸುವುದು ನಮ್ಮಲ್ಲೂ ಸಾಧ್ಯ. ಒಳ್ಳೆಯ ಬೈನಾಕ್ಯುಲರ್ ಇದ್ದರೆ ಆ ದೂರದಿಂದಲೇ ಎಲ್ಲ ಕಾಣುತ್ತದೆ, ಅದೂ ಹಕ್ಕಿ ಹೆದರದೆ ತನ್ನ ಪಾಡಿಗೆ ಇರುವಾಗ.

ಹೊಸಬರಿಗೆ ಒಂದು ಗುರುತು ಹೇಳಬೇಕು. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ, ಹಿನ್ನೀರಿಗೆ ಇನ್ನೊಂದು ಸಣ್ಣ ರೀವ ವಲಸೆ ಬರುತ್ತದೆ. ಆಗ ಅದರ ಕೊಕ್ಕು ಕಪ್ಪು, ಬಾಲದ ಸೀಳು ನೆಪಕ್ಕಷ್ಟೆ. ನೀರಿನ ಮೇಲ್ಮೈಯಿಂದಲೇ ಹುಳುಹುಪ್ಪಟೆ ಹೆಕ್ಕುತ್ತದೆ. ಹೊಳೆ ರೀವವಾದರೋ ಎತ್ತರದಲ್ಲಿ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು, ತಲೆಕೆಳಗಾಗಿ ಧುಮುಕಿ ಮೀನು ಎತ್ತುತ್ತದೆ. ಎರಡನ್ನೂ ಅಕ್ಕಪಕ್ಕ ನೋಡಲು ಫೆಬ್ರವರಿಯ ಸುಮಾರೇ ಸರಿ. ಬಿಸಿಲು ಬಲಿಯುವ ಹೊತ್ತಿಗೆ ಸಣ್ಣದು ಉತ್ತರಕ್ಕೆ ಹೊರಟಿರುತ್ತದೆ.